ಶವ ಬಂದರೆ ಸಾಲದು, ಕಾಗದವೂ ಬರಬೇಕು

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಜೂನ್ 14ಕ್ಕೆಲ್ಲ ವಾಯುಪಡೆಯ ವಿಮಾನ 45 ಭಾರತೀಯರ ಶವಪೆಟ್ಟಿಗೆಗಳನ್ನು ಹೊತ್ತು ಕೊಚ್ಚಿಯಲ್ಲಿ ಇಳಿದಿತ್ತು. ನಮ್ಮ ಬೀದರಿನ ಪಕ್ಕದ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವರೊಬ್ಬರ ಶವವೂ ಅದರಲ್ಲಿತ್ತು. ಗುರುತು ಪತ್ತೆ, ಪೊಲೀಸ್ ವರದಿ, ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್ ರದ್ದತಿ, ಶವ ಕೆಡದಂತೆ ಮಾಡುವ ಸಂಸ್ಕರಣೆ, ಕಸ್ಟಮ್ಸ್ ಪರವಾನಗಿ ಎಲ್ಲವೂ ಎರಡೇ ದಿನದಲ್ಲಿ ಆದವು. ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಗಲ್ಫಿನಲ್ಲಿ ಸಾಯುವವರಲ್ಲಿ ಬಹುಪಾಲು ಜನ ಒಬ್ಬೊಬ್ಬರಾಗಿ ಸಾಯುತ್ತಾರೆ. ದಮ್ಮಾಮಿನ ಹೆದ್ದಾರಿಯಲ್ಲಿ ಲಾರಿ ಮಗುಚಿ ಒಬ್ಬ, ಶಾರ್ಜಾದ ಲೇಬರ್ ಕ್ಯಾಂಪಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಏಳದೆ ಇನ್ನೊಬ್ಬ. ಅಂಥ ಸಾವಿಗೆ ವಿಶೇಷ ವಿಮಾನವಿಲ್ಲ, ಮಂತ್ರಿಗಳ ಹೇಳಿಕೆಯಿಲ್ಲ. ಆ ಮನೆಯವರು ಎಲ್ಲ ಕಾಗದಗಳನ್ನೂ ತಾವೇ ಓಡಾಡಿ ಕೂಡಿಸಬೇಕು. ಆ ಓಡಾಟದ ಬಹುಪಾಲು ನಡೆಯುವುದು ರಿಯಾದಿನಲ್ಲೋ ದುಬೈಯಲ್ಲೋ ಅಲ್ಲ. ಬೀದರ್, ಭಾಲ್ಕಿ, ಔರಾದಿನ ಕಚೇರಿಗಳ ಎದುರು. ಹಾಗಾಗಿ ಈ ಸಂಕಟಕ್ಕೆ ಪರಿಹಾರವನ್ನೂ ಮೊದಲು ಇಲ್ಲಿಯೇ, ಬೀದರ್ ಜಿಲ್ಲಾಧಿಕಾರಿ ಕಚೇರಿಯಲ್ಲಿಯೇ ಹುಡುಕಬೇಕು ಎಂಬುದು ನನ್ನ ವಾದ.

ಬೀದರ್ ಕರ್ನಾಟಕದ ತುದಿ. ಹೊರದೇಶಕ್ಕೆ ಹೋಗುವವರಿಗೆ ಇಲ್ಲಿಂದ ಹತ್ತಿರದ ದೊಡ್ಡ ಊರು ಬೆಂಗಳೂರಲ್ಲ, ಹೈದರಾಬಾದ್. ಏಜೆಂಟರು, ವೈದ್ಯಕೀಯ ತಪಾಸಣೆ, ವಿಮಾನ ಎಲ್ಲ ಅಲ್ಲೇ. ಶವ ಬಂದಿಳಿಯುವುದೂ ಸಾಮಾನ್ಯವಾಗಿ ಅಲ್ಲಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೇ. ಅಲ್ಲಿಂದ ಜಹೀರಾಬಾದ್ ಮೇಲಾಗಿ ಆಂಬುಲೆನ್ಸ್ ಊರು ಸೇರುತ್ತದೆ. ಆದರೆ ಕಾಗದಕ್ಕೆ ಆ ದಾರಿ ಇಲ್ಲ. ಔರಾದಿನ ತಹಶೀಲ್ದಾರರ ಸಹಿ ಇರುವ ಪತ್ರ ವಿದೇಶದಲ್ಲಿ ನಡೆಯಬೇಕಾದರೆ ಮೊದಲು ಕರ್ನಾಟಕ ಸರ್ಕಾರದ ದೃಢೀಕರಣ ಬೇಕು, ಅದರ ಮೇಲೆ ವಿದೇಶಾಂಗ ಸಚಿವಾಲಯದ್ದು. ಮೂರು ತಾಸಿನ ಹೈದರಾಬಾದನ್ನು ಬಿಟ್ಟು ಒಂದು ರಾತ್ರಿಯ ಪ್ರಯಾಣದ ಬೆಂಗಳೂರಿಗೆ ಹೋಗಬೇಕು. ಹೋಗುವವರು ಯಾರು? ಇದ್ದತ್‌ನಲ್ಲಿ (ಗಂಡನ ಸಾವಿನ ನಂತರದ ಕಾಯುವ ಅವಧಿಯಲ್ಲಿ) ಕುಳಿತ ಹೆಂಡತಿ ಹೋಗಲಾಗದು, ಮೊಣಕಾಲು ನೋವಿನ ತಾಯಿ ಹೋಗಲಾಗದು. ಭಾವನೋ ಮೈದುನನೋ ಕೂಲಿ ಬಿಟ್ಟು ಹೋಗುತ್ತಾನೆ, ಇಲ್ಲವೇ ಕೆಲಸ ಮತ್ತೆ ಏಜೆಂಟನ ಕೈಗೆ ಹೋಗುತ್ತದೆ. ಸೌದಿ ಅರೇಬಿಯಾ 2022ರ ಡಿಸೆಂಬರಿನಿಂದ ಅಪೊಸ್ಟೀಲ್ ಎಂಬ ದಾಖಲೆ ದೃಢೀಕರಣದ ಒಪ್ಪಂದದೊಳಗೆ ಬಂದಿರುವುದರಿಂದ ದಿಲ್ಲಿಯ ಸೌದಿ ರಾಯಭಾರ ಕಚೇರಿಯ ಮುದ್ರೆಯ ಕಾಟ ತಪ್ಪಿದೆ. ವಿದೇಶಾಂಗ ಸಚಿವಾಲಯದ ಇ-ಸನದ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಇವೆರಡರ ಸುದ್ದಿ ತಾಲ್ಲೂಕು ಕಚೇರಿಯ ಮುಂದಿನ ಅರ್ಜಿ ಬರೆಯುವವರ ಮೇಜಿಗೂ ತಲುಪಬೇಕು.

ಮೊದಲ ವಾರದ ಮಾತು ಎಲ್ಲಕ್ಕಿಂತ ಮುಖ್ಯ. ಸಾವಿನ ಸುದ್ದಿ ಫೋನಿನಲ್ಲಿ ಬಂದ ಮರುದಿನವೇ ಕಂಪನಿಯವರೋ ಕಫೀಲನ (ಪ್ರಾಯೋಜಕ ಮಾಲೀಕನ) ಮನುಷ್ಯರೋ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಾಗದದ ನಮೂನೆ ಕಳಿಸುತ್ತಾರೆ. ಶವವನ್ನು ಊರಿಗೆ ಕಳಿಸಬೇಕೋ, ಅಲ್ಲೇ ಮಣ್ಣು ಮಾಡಬೇಕೋ ಎಂಬುದಕ್ಕೆ ಹತ್ತಿರದ ವಾರಸುದಾರರ ಒಪ್ಪಿಗೆ ಪತ್ರ ಅದು; ನೋಟರಿ ಮುಂದೆ ಸಹಿಯಾಗಬೇಕು. ಅದು ನ್ಯಾಯವಾದ ಕಾಗದ, ರಾಯಭಾರ ಕಚೇರಿಯೂ ಕೇಳುತ್ತದೆ. ತೊಂದರೆ ಬರುವುದು ಅದರ ಜೊತೆಗೆ ಮುಖ್ತಿಯಾರ್ ಪತ್ರವೂ, ಅಂದರೆ ಪವರ್ ಆಫ್ ಅಟಾರ್ನಿಯೂ ಸೇರಿಕೊಂಡಾಗ. ಬಾಕಿ ಸಂಬಳ, ಸೇವಾವಧಿಯ ಗ್ರಾಚ್ಯುಟಿ, ಪರಿಹಾರ ಎಲ್ಲವನ್ನೂ ಪಡೆಯುವ, ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕಂಪನಿಯವರ ಹೆಸರಿಗೇ ಬರೆದುಕೊಡುವ ಒಂದೆರಡು ಸಾಲು ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಅಲ್ಲಿ ಕೂತಿರಬಹುದು. ಮಗನ ಮುಖ ನೋಡಬೇಕೆಂದು ಕಣ್ಣೀರು ಹಾಕುತ್ತಿರುವ ತಾಯಿ ಆ ಹೊತ್ತಿನಲ್ಲಿ ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾಳೆ. ಶವ ತರಿಸುವ ಪತ್ರ ಬೇರೆ, ಹಣ ಪಡೆಯುವ ಪತ್ರ ಬೇರೆ ಎಂದು ಅವಳಿಗೆ ಹೇಳುವವರು ಯಾರೂ ಇರುವುದಿಲ್ಲ. ಹಣದ ಅಧಿಕಾರವನ್ನು ಭಾರತೀಯ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಕೊಡುವ ದಾರಿ ಇದೆ, ಆ ಕಚೇರಿಗಳು ಕುಟುಂಬದ ಪರವಾಗಿ ಬಾಕಿ ಕೇಳುತ್ತವೆ. ಈ ಒಂದು ಮಾತು ಸರಿಯಾದ ದಿನ ಸರಿಯಾದ ಕಿವಿಗೆ ಬಿದ್ದರೆ ಒಂದು ಮನೆಗೆ ಬರಬೇಕಾದ ಲಕ್ಷಗಟ್ಟಲೆ ಹಣ ಉಳಿಯುತ್ತದೆ.

ಅಲ್ಲೇ ಮಣ್ಣಾದವರ ಮನೆಗಳ ಕಷ್ಟ ಇನ್ನೂ ಹೆಚ್ಚು. ಸೌದಿಯಲ್ಲಿ ಶವ ಸುಡಲು ಅವಕಾಶವಿಲ್ಲ, ಆದ್ದರಿಂದ ಹಿಂದೂ ಕುಟುಂಬಗಳು ಎಷ್ಟು ದಿನವಾದರೂ ಕಾದು ಶವ ತರಿಸಿಕೊಳ್ಳುತ್ತವೆ. ಮುಸ್ಲಿಂ ಕುಟುಂಬಗಳಲ್ಲಿ ಎಷ್ಟೋ ಮಂದಿ ಆ ನೆಲದಲ್ಲೇ ದಫನ್ ಆಗಲಿ ಎಂದು ಒಪ್ಪುತ್ತಾರೆ. ಆಗ ಊರಿಗೆ ಪೆಟ್ಟಿಗೆ ಬರುವುದಿಲ್ಲ, ಅದರ ಹಿಂದೆ ಬರುವ ಅಧಿಕಾರಿ, ಪತ್ರಕರ್ತ, ನಾಲ್ಕು ಜನ ಹಿರಿಯರೂ ಬರುವುದಿಲ್ಲ. ಬೀದರಿನ ಓಣಿಯೊಂದರಲ್ಲಿ ಸಾವಿನ ಏಕೈಕ ಗುರುತಾಗಿ ಉಳಿಯುವುದು ಅರಬ್ಬಿಯಲ್ಲಿರುವ ಒಂದು ಮರಣ ಪ್ರಮಾಣಪತ್ರದ ಮೊಬೈಲ್ ಫೋಟೊ. ಅದನ್ನು ಹಿಡಿದು ಊರಿನ ನೋಂದಣಿ ಕಚೇರಿಗೆ ಹೋದರೆ ಅಲ್ಲಿ ಮರಣ ನೋಂದಣಿ ಆಗುವುದಿಲ್ಲ, ಆಗಲೂಬಾರದು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಎಂಬುದು ನಿಯಮ. ವಿದೇಶದಲ್ಲಿ ಸತ್ತ ಭಾರತೀಯರ ಮರಣವನ್ನು ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು, 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮು ಅದಕ್ಕೆಂದೇ ಇದೆ. ಆ ಕಚೇರಿ ಕೊಡುವ ಇಂಗ್ಲಿಷ್ ಪ್ರಮಾಣಪತ್ರವೇ ಬ್ಯಾಂಕು, ಎಲ್‌ಐಸಿ, ಪೌತಿ ಖಾತೆ ಎಲ್ಲಕ್ಕೂ ಆಧಾರ. ಇದನ್ನು ತಿಳಿಯದೆ ಇಲ್ಲೊಂದು ಮರಣ ದಾಖಲೆ ಮಾಡಿಸಿಕೊಟ್ಟರೆ ಒಂದೇ ಸಾವಿಗೆ ಎರಡು ಊರು, ಎರಡು ತಾರೀಖು ಬಿದ್ದು ಮುಂದಿನ ಎಲ್ಲ ಕ್ಲೇಮೂ ಕೆಡುತ್ತದೆ.

ಇನ್ನು ಹೆಸರಿನ ವಿಷಯ. ಗಡಿ ಜಿಲ್ಲೆಯ ಹೊರಗಿನವರಿಗೆ ಇದರ ಬಿಸಿ ಗೊತ್ತಾಗುವುದು ಕಷ್ಟ. ಔರಾದ ತಾಲ್ಲೂಕಿನಲ್ಲಿ ಮರಾಠಿ ಶಾಲೆಯಲ್ಲಿ ಓದಿದವನ ತಂದೆಯ ಹೆಸರು ಶಾಲೆಯ ದಾಖಲೆಯಲ್ಲಿ ಮಾಣಿಕರಾವ್, ಪಹಣಿಯಲ್ಲಿ ಮಾಣಿಕಪ್ಪ, ಆಧಾರಿನಲ್ಲಿ ಬರೀ ಮಾಣಿಕ್. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಮಗನ ಅಡ್ಡಹೆಸರಾಗಿ ಕೂತಿರುತ್ತದೆ. ನಿಜಾಮರ ಕಾಲದ ಜಮೀನಿನ ಕಾಗದ ಉರ್ದುವಿನಲ್ಲಿದ್ದರೆ ಅಲ್ಲಿ ಐದನೆಯ ರೂಪ. ಊರವರಿಗೆ ಇವೆಲ್ಲ ಒಬ್ಬನೇ ಮನುಷ್ಯ ಎಂಬುದರಲ್ಲಿ ಸಂಶಯವಿಲ್ಲ, ತಲಾಟಿಗೂ ಇಲ್ಲ. ಆದರೆ ಜೆಡ್ಡಾದ ಗುಮಾಸ್ತನಿಗೆ ಪಾಸ್‌ಪೋರ್ಟಿನ ಅಕ್ಷರಗಳು ಮಾತ್ರ ಮನುಷ್ಯ. ವಂಶವೃಕ್ಷದಲ್ಲಿ, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ಬೇರೆಯಾದರೂ ಕಡತ ವಾಪಸ್ ಬರುತ್ತದೆ, ಮತ್ತೆ ಅಫಿಡವಿಟ್ಟು, ಮತ್ತೆ ಬೆಂಗಳೂರು. ತಹಶೀಲ್ದಾರ್ ಕಚೇರಿ ಮೊದಲ ದಿನವೇ ಪಾಸ್‌ಪೋರ್ಟಿನ ಪ್ರತಿ ಪಕ್ಕಕ್ಕಿಟ್ಟುಕೊಂಡು ಹೆಸರು ಬರೆದರೆ, ಬೇರೆ ಬೇರೆ ದಾಖಲೆಯ ಹೆಸರುಗಳು ಒಬ್ಬರವೇ ಎಂದು ಅದೇ ಪತ್ರದಲ್ಲಿ ದೃಢೀಕರಿಸಿದರೆ ತಿಂಗಳುಗಳ ಅಲೆದಾಟ ತಪ್ಪುತ್ತದೆ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಅನುದಾನವೂ ಬೇಡ.

ಬರಬೇಕಾದ ಹಣ ಯಾವುದೆಂದು ಮನೆಯವರಿಗೆ ಗೊತ್ತಿರುವುದು ಅಪರೂಪ. ಯುಎಇಯಲ್ಲಿ ಒಂದು ವರ್ಷ ಮೀರಿ ದುಡಿದವರಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು ಗ್ರಾಚ್ಯುಟಿಯಾಗಿ ಸಿಗಬೇಕು. ಸೌದಿಯಲ್ಲಿ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ಅರ್ಧ ತಿಂಗಳಿನ ವೇತನ, ನಂತರ ಪೂರ್ತಿ ತಿಂಗಳಿನದು. ಹತ್ತು ವರ್ಷ ಚಾಲಕನಾಗಿದ್ದವನ ಲೆಕ್ಕ ಸಣ್ಣದಲ್ಲ. ಸೌದಿಯಲ್ಲಿ ಕೆಲಸದ ಅವಘಡದಿಂದ ಸತ್ತರೆ ಅಲ್ಲಿನ ಸಾಮಾಜಿಕ ವಿಮಾ ಸಂಸ್ಥೆ ಗೋಸಿಯ ಹಣ ಬೇರೆ. ರಸ್ತೆ ಅಪಘಾತವಾದರೆ ಟ್ರಾಫಿಕ್ ಪೊಲೀಸರು ತಪ್ಪು ಯಾರದು, ಎಷ್ಟು ಪಾಲು ಎಂದು ಬರೆಯುವ ವರದಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಆ ವರದಿಯನ್ನು ಅನುವಾದ ಮಾಡಿಸಿ ಓದದೆ ಯಾವ ರಾಜಿಗೂ ಒಪ್ಪಬಾರದು. ಊರಿನ ಕಡೆಯಲ್ಲಿ, ಪಾಸ್‌ಬುಕ್ ತೆರೆದು ಮೇ ಕೊನೆ ಅಥವಾ ಜೂನ್ ಮೊದಲಲ್ಲಿ 436 ರೂಪಾಯಿ, 20 ರೂಪಾಯಿ ಕಡಿತವಾಗಿದೆಯೇ ನೋಡಬೇಕು. ಮೊದಲನೆಯದು ಪ್ರಧಾನಮಂತ್ರಿ ಜೀವನ ಜ್ಯೋತಿ, ಎರಡನೆಯದು ಸುರಕ್ಷಾ ಬಿಮಾ. ಒಂದೊಂದಕ್ಕೂ 2 ಲಕ್ಷ, ಎರಡನೆಯದು ಅಪಘಾತಕ್ಕೆ ಮಾತ್ರ. ಅನಿವಾಸಿ ಭಾರತೀಯರಿಗೂ ಇವು ಅನ್ವಯಿಸುತ್ತವೆ. ಖಾತೆ ತೆರೆದ ದಿನ ಬ್ಯಾಂಕ್ ಮಿತ್ರ ಸಹಿ ಹಾಕಿಸಿಕೊಂಡದ್ದು ಖಾತೆದಾರನಿಗೇ ಮರೆತಿರುತ್ತದೆ, ಮನೆಯವರಿಗೆ ತಿಳಿಯುವುದು ಎಲ್ಲಿಂದ?

ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಥೆ ಇನ್ನಷ್ಟು ನೋವಿನದು. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆ ಅದು. ಆದರೆ ಕಡ್ಡಾಯವಾಗಿರುವುದು ವಲಸೆ ತಪಾಸಣೆಯ ಪಾಸ್‌ಪೋರ್ಟ್ ಇರುವವರಿಗೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ಆ ತಪಾಸಣೆ ಇಲ್ಲ. ಮಕ್ಕಳನ್ನು ಮೆಟ್ರಿಕ್‌ವರೆಗಾದರೂ ಓದಿಸಬೇಕೆಂದು ಹೊಲದ ಕೂಲಿ ಮಾಡಿ ಓದಿಸಿದ ಭಾಲ್ಕಿಯ ತಂದೆ ತಾಯಿಯ ಮಗ ಆ ಕಾರಣಕ್ಕೇ ಕಡ್ಡಾಯ ವಿಮೆಯಿಂದ ಹೊರಗುಳಿಯುತ್ತಾನೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದವನೂ ಅಷ್ಟೆ. ಪಾಲಿಸಿ ಮಾಡಿಸಿದ್ದವರೂ ಎರಡು ಮೂರು ವರ್ಷದ ನಂತರ ನವೀಕರಿಸದೆ ಬಿಟ್ಟಿರುತ್ತಾರೆ, ಇಕಾಮಾ (ವಾಸ ಪರವಾನಗಿ) ಮಾತ್ರ ವರ್ಷ ವರ್ಷ ನವೀಕರಣವಾಗುತ್ತಿರುತ್ತದೆ. ಎಲ್ಲ ಕಾರ್ಮಿಕರಿಗೂ ಇದು ಕಡ್ಡಾಯವಾಗಬೇಕು, ಅದು ಕೇಂದ್ರದ ಕೆಲಸ. ಅಲ್ಲಿಯವರೆಗೆ, ಹೋಗುವ ಮುನ್ನ ಪಾಲಿಸಿ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಡಿ ಎಂದು ಹೇಳುವುದು ನಮ್ಮ ಕೆಲಸ.

ಬ್ಯಾಂಕುಗಳ ಕಡೆ ಈಚೆಗೆ ಒಳ್ಳೆಯ ಬದಲಾವಣೆ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ ದಾಖಲೆ ಪೂರ್ತಿ ಸಲ್ಲಿಸಿದ 15 ದಿನದೊಳಗೆ ಸತ್ತವರ ಖಾತೆಯ ಕ್ಲೇಮು ಇತ್ಯರ್ಥವಾಗಬೇಕು. ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ, ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳದೆ ಸರಳ ವಿಧಾನದಲ್ಲಿ ಕೊಡಬೇಕು. ಡಿಸಿಸಿ ಬ್ಯಾಂಕು, ಸ್ವಸಹಾಯ ಸಂಘಗಳು ಮನೆ ಮನೆಗೆ ತಲುಪಿದ ಈ ಜಿಲ್ಲೆಯಲ್ಲಿ ಸಹಕಾರಿ ಬ್ಯಾಂಕಿನ ಮಿತಿಯೂ ಎಷ್ಟೋ ಮನೆಗಳಿಗೆ ಸಾಕು. ಇಷ್ಟಾದರೂ ಜನ ಮೊದಲು ಮಾಡುವುದು ಸತ್ತವನ ಎಟಿಎಂ ಕಾರ್ಡು ಹಿಡಿದು ಹಣ ತೆಗೆಯುವ ಕೆಲಸ. ಅವಸರಕ್ಕೆ ಅದು ಸುಲಭ, ಆದರೆ ನಿಯಮಬಾಹಿರ. ಮುಂದೆ ಅಣ್ಣ ತಮ್ಮಂದಿರ ವ್ಯಾಜ್ಯದಲ್ಲಿ ಆ ಹಣ ತೆಗೆದ ವಿಧವೆಯ ಮೇಲೆಯೇ ಬೊಟ್ಟು ಬೀಳುತ್ತದೆ.

ಸಾಲದ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. ವೀಸಾಕ್ಕೆಂದು ಬಡ್ಡಿಗೆ ಹಣ ತಂದು ಹೋದವನು ಸತ್ತರೆ ಸಾಲ ಕೊಟ್ಟವನು ಮೂರನೇ ದಿನಕ್ಕೇ ಕಟ್ಟೆಗೆ ಬಂದು ಕೂರುತ್ತಾನೆ. ಸತ್ತವನು ಬಿಟ್ಟುಹೋದ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವರು ಹೊಣೆ. ಹೆಂಡತಿಯ ಸ್ವಂತ ಒಡವೆ, ತವರಿನ ಹೊಲ ಆ ಸಾಲಕ್ಕೆ ಸೇರುವುದಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಹೊಣೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಇದು ಗೊತ್ತಿಲ್ಲದೆ ಪರಿಹಾರದ ಹಣ ಬರುವ ಮೊದಲೇ ಎರಡೆಕರೆ ಕೈಬಿಡುವ ಮನೆಗಳಿಗೆ ಯಾರಾದರೂ ಅಧಿಕೃತವಾಗಿ ಧೈರ್ಯ ಹೇಳಬೇಕು.

ಇಷ್ಟೆಲ್ಲ ಒಂದೇ ಕಡೆ ಸಿಗಬೇಕೆಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಹೆಸರು ಗೊತ್ತಿರುವ ಅಧಿಕಾರಿ ಇರಬೇಕು. ಭಾಲ್ಕಿ, ಔರಾದಿನ ತಹಶೀಲ್ದಾರ್ ಕಚೇರಿಗಳಿಗೆ ಅಲ್ಲಿಂದಲೇ ಸೂಚನೆ ಹೋಗಬೇಕು. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸುವುದು, ಬಡ ಕುಟುಂಬವಾದರೆ ಶವ ಸಾಗಣೆಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯ ನೆರವು ಕೇಳುವುದು, ಪತ್ರಗಳನ್ನು ಬೆಂಗಳೂರಿಗೆ ಸರ್ಕಾರಿ ಟಪಾಲಿನಲ್ಲೇ ಕಳಿಸಿ ದೃಢೀಕರಿಸಿ ತರಿಸುವುದು ಆ ಮೇಜಿನ ಕೆಲಸ. ವಿದೇಶದಲ್ಲಿ ವಸೂಲಾದ ಬಾಕಿ ಹಣವನ್ನು ರಾಯಭಾರ ಕಚೇರಿಗಳು ಎಷ್ಟೋ ಸಲ ಜಿಲ್ಲಾಧಿಕಾರಿಯ ಮೂಲಕವೇ ವಾರಸುದಾರರಿಗೆ ಹಂಚಿಸುತ್ತವೆ. ಕೊನೆಯ ಹಂತದಲ್ಲಿ ಹೇಗೂ ಆ ಕಚೇರಿಗೆ ಬರುವ ಕಡತ ಮೊದಲ ದಿನವೇ ಅಲ್ಲಿ ತೆರೆಯಲಿ ಎಂದಷ್ಟೇ ಕೇಳುತ್ತಿದ್ದೇನೆ.

ಬೀದರ್ ಕೇರಳವಲ್ಲ, ಇಲ್ಲಿಂದ ಗಲ್ಫಿಗೆ ಹೋದವರು ಅಷ್ಟೊಂದಿಲ್ಲ ಎನ್ನುವವರಿದ್ದಾರೆ. ಕೇರಳ 1996ರಲ್ಲೇ ಅನಿವಾಸಿಗಳಿಗೆ ಪ್ರತ್ಯೇಕ ಇಲಾಖೆ ಮಾಡಿತು, ಆ ಪ್ರಮಾಣದ ಇಲಾಖೆ ಇಲ್ಲಿ ಬೇಡ, ನಿಜ. ಆದರೆ ಸಂಖ್ಯೆ ಕಡಿಮೆ ಇರುವುದರಿಂದಲೇ ಅನುಭವ ಯಾರ ಬಳಿಯೂ ಕೂಡಿಕೊಳ್ಳುವುದಿಲ್ಲ. ಮಲಪ್ಪುರದ ಹಳ್ಳಿಯಲ್ಲಿ ಪಕ್ಕದ ಮನೆಯವರಿಗೆ ಎಲ್ಲ ಗೊತ್ತಿರುತ್ತದೆ, ಔರಾದಿನ ತಾಂಡಾದಲ್ಲಿ ಪ್ರತಿ ಮನೆಯೂ ಮೊದಲಿನಿಂದ ಕಲಿಯಬೇಕು. ಹೋಗುವವರು ಕೂಲಿಕಾರರಷ್ಟೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಂಥ ಕಡೆ ಓದಿದವರು ಅಮೆರಿಕ, ಜರ್ಮನಿಗೂ ಹೋಗುತ್ತಾರೆ, ಅಲ್ಲಿ ಸಾವಾದರೆ ಊರಲ್ಲಿರುವ ತಂದೆ ತಾಯಿಗೆ ಬೇಕಾಗುವುದೂ ಇದೇ ವಂಶವೃಕ್ಷ, ಇದೇ ದೃಢೀಕರಣ.

ದುಡಿಯಲು ಹೋದವರ ಖಾಸಗಿ ವಿಷಯಕ್ಕೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎಂಬ ಪ್ರಶ್ನೆ ಇನ್ನೊಂದು. ತೆಲಂಗಾಣ ಸರ್ಕಾರ 2023ರ ಡಿಸೆಂಬರ್ 7ರ ನಂತರ ಗಲ್ಫಿನಲ್ಲಿ ಸತ್ತ ಕಾರ್ಮಿಕರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು 2024ರಲ್ಲಿ ಆದೇಶಿಸಿತು. ನಾರಾಯಣಖೇಡದ ವಿಧವೆಗೆ ಸಿಗುವ ಆ ಹಣ ಗಡಿಯ ಈಚೆ, ಅದೇ ಕಂಪನಿಯಲ್ಲಿ ಅದೇ ಕೆಲಸ ಮಾಡಿದವನ ಹೆಂಡತಿಗೆ ಸಿಗುವುದಿಲ್ಲ. ಅಂಥದ್ದು ನಮ್ಮಲ್ಲೂ ಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲಿ ಕೇಳುತ್ತಿರುವುದು ಖಜಾನೆಯ ಹಣವನ್ನಲ್ಲ, ಆ ಮನುಷ್ಯನೇ ದುಡಿದಿಟ್ಟ ಹಣ ಅವನ ಮನೆ ಸೇರುವ ದಾರಿಯನ್ನು. ಅವನು ಕಳಿಸಿದ ರಿಯಾಲು, ದಿರ್ಹಮಿನಿಂದ ಈ ಜಿಲ್ಲೆಯಲ್ಲಿ ಮನೆಗಳೆದ್ದಿವೆ, ಅಂಗಡಿಗಳು ನಡೆದಿವೆ.

ತೂಕವಿರುವ ಆಕ್ಷೇಪ ಒಂದಿದೆ. ಅವಸರದಲ್ಲಿ ವಾರಸಾ ಪತ್ರ ಕೊಟ್ಟರೆ ಅನ್ಯಾಯವಾಗುತ್ತದೆ, ಎರಡನೇ ಹೆಂಡತಿ, ಮದುವೆಯಾಗಿ ಹೋದ ಮಗಳು, ಮುದಿ ತಾಯಿ ಬಿಟ್ಟುಹೋಗುತ್ತಾರೆ ಎಂದು ಕಂದಾಯ ಅಧಿಕಾರಿಗಳೇ ಹೇಳುತ್ತಾರೆ. ಭಯ ಸುಳ್ಳಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವನ ತಾಯಿಯೂ ಹೆಂಡತಿ ಮಕ್ಕಳ ಸಮಕ್ಕೆ ಮೊದಲ ದರ್ಜೆಯ ವಾರಸುದಾರಳು, ತಂದೆ ಅಲ್ಲ. ಮನೆಗಳಲ್ಲಿ ನಡೆಯುವುದು ಬಹಳ ಸಲ ಇದರ ತಿರುಗುಮುರುಗು. ಮುಸ್ಲಿಂ ಕಾನೂನಿನಲ್ಲಿ ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ತಂದೆಗೂ ಆರನೇ ಒಂದು. ಎಳೆ ಮಕ್ಕಳ ಪಾಲಿನ ಆಸ್ತಿಗೆ ಹಿಂದೂ ತಾಯಿ ಸಹಜ ಪಾಲಕಿ, ಮುಸ್ಲಿಂ ತಾಯಿ ಕೋರ್ಟಿನಿಂದ ನೇಮಕ ಮಾಡಿಸಿಕೊಳ್ಳಬೇಕಾಗುತ್ತದೆ. ಇಷ್ಟು ತೊಡಕಿರುವ ವಿಷಯವನ್ನು ಈಗ ತೀರ್ಮಾನಿಸುತ್ತಿರುವವರು ಯಾರು? ಕಟ್ಟೆಯ ಮೇಲಿನ ಹಿರಿಯರು, ಏಜೆಂಟರು, ಮನೆಯಲ್ಲಿ ಜೋರು ಇರುವ ಗಂಡಸರು. ತಡ ಮಾಡಿದರೆ ನ್ಯಾಯ ಸಿಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ತಡವಾದಷ್ಟೂ ಬಲವಿದ್ದವನ ಕೈ ಮೇಲಾಗುತ್ತದೆ. ಮೇಜಿನ ಅಧಿಕಾರಿ ಪಾಲು ಹಂಚುವುದು ಬೇಡ. ತಾಯಿ, ಹೆಂಡತಿ, ಎಲ್ಲ ಮಕ್ಕಳ ಹೆಸರು ಬಂದಿದೆಯೇ ಎಂದು ನೋಡಲಿ, ಊರಲ್ಲಿ ನೋಟಿಸು ಅಂಟಿಸಲಿ, ತಕರಾರು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಲಿ. ಅಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ತಕರಾರಿಲ್ಲದ ಮನೆಗೆ ಹದಿನೈದು ದಿನದೊಳಗೆ, ಪಾಸ್‌ಪೋರ್ಟಿನ ಅಕ್ಷರದಲ್ಲೇ ಹೆಸರು ಬರೆದ ಕುಟುಂಬ ಸದಸ್ಯರ ಪ್ರಮಾಣಪತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಔರಾದಿನ ನಾಡಕಚೇರಿಯಲ್ಲೇ ಸಿಗಲಿ. ಜಿಲ್ಲಾಧಿಕಾರಿಯವರು ಒಂದು ಸುತ್ತೋಲೆ ಹೊರಡಿಸಿದರೆ ಇದು ಈ ತಿಂಗಳೇ ಶುರುವಾಗಬಹುದು.